ಲಿನೋಕಟ್ ಅಚ್ಚು ಹಾಕುವುದು ಹೇಗೆ: ಕೆತ್ತನೆ ಅರ್ಧ ಕೆಲಸ, ಇಂಕು ಇನ್ನರ್ಧ

ಲಿನೋಕಟ್ ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಇಂಕು ಹಚ್ಚಿ ಕಾಗದಕ್ಕೆ ಅಚ್ಚು ಹಾಕುವುದು. ಆದರೆ ಆ ಹೆಸರು ಎತ್ತಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಉಳಿಯ ಮೇಲೆ. ಯಾವ ಉಳಿ ಕೊಳ್ಳಬೇಕು, ಎಷ್ಟು ಸಣ್ಣ ಗೆರೆ ತೆಗೆಯಬಹುದು, ಬರೀ ಇದೇ ಮಾತು. ದಿನಗಟ್ಟಲೆ ಕೂತು ಕೆತ್ತುತ್ತಾರೆ. ಆಮೇಲೆ ಹತ್ತು ನಿಮಿಷದಲ್ಲಿ ಇಂಕು ಬಳಿದು ಕಾಗದ ಒತ್ತಿಬಿಡುತ್ತಾರೆ. ಅಚ್ಚು ಸರಿಯಾಗಿ ಬರದಿದ್ದರೆ ಬೈಸಿಕೊಳ್ಳುವುದು ಮಾತ್ರ ಉಳಿ. ನನ್ನನ್ನು ಕೇಳಿದರೆ, ಅಚ್ಚು ಕೆಡುವುದು ಹೆಚ್ಚಾಗಿ ಕೆತ್ತನೆಯಲ್ಲಲ್ಲ, ಇಂಕು ಹಚ್ಚುವಲ್ಲಿ. ಸಾಧಾರಣ ಕೆತ್ತನೆಯನ್ನೂ ಹದವಾದ ಇಂಕು ಎತ್ತಿ ನಿಲ್ಲಿಸುತ್ತದೆ. ಎಷ್ಟೇ ಸೊಗಸಾಗಿ ಕೆತ್ತಿದ್ದರೂ ಇಂಕು ಜಾಸ್ತಿಯಾಯಿತೋ, ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಹಾಗಾಗಿ ಇಲ್ಲಿ ಕೆತ್ತನೆಯ ಬಗ್ಗೆ ಬೇಕಾದಷ್ಟು ಹೇಳಿ, ಇಂಕು ಮತ್ತು ಒತ್ತುವ ಕೆಲಸದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇಂಕು ಎಲ್ಲಿ ಕೂರುತ್ತದೆ?

ಮುದ್ರಣ ಕಲೆಯಲ್ಲಿ ನೂರೆಂಟು ವಿಧಾನಗಳಿವೆ ಅನಿಸುತ್ತದೆ. ಆದರೆ ಇಂಕು ಎಲ್ಲಿ ಕೂರುತ್ತದೆ ಅಂತ ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಎಲ್ಲವೂ ನಾಲ್ಕು ಗುಂಪಿಗೆ ಬಂದು ಸೇರುತ್ತವೆ.

ಮೊದಲನೆಯದು ಉಬ್ಬಿನ ಮೇಲೆ. ಬೇಡದ ಜಾಗವನ್ನು ಕೆತ್ತಿ ತೆಗೆಯುತ್ತೀರಿ, ಉಳಿದ ಎತ್ತರದ ಭಾಗಕ್ಕೆ ಇಂಕು ತಗಲುತ್ತದೆ. ಮರದ ಅಚ್ಚು, ಲಿನೋಕಟ್ ಎರಡೂ ಇದೇ ಜಾತಿ. ನಾಲ್ಕರಲ್ಲಿ ಕಾಗದದ ಮೇಲೆ ಮೊದಲು ಬೆಳೆದದ್ದು ಇದು. ಚೀನಾದ ದುನ್‌ಹುವಾಂಗ್‌ನ ಗುಹೆಯಲ್ಲಿ ಸಿಕ್ಕ ವಜ್ರಸೂತ್ರ ಎಂಬ ಬೌದ್ಧ ಗ್ರಂಥದ ಪ್ರತಿಯಲ್ಲಿ ಕ್ರಿ.ಶ. 868ಕ್ಕೆ ಸರಿಹೊಂದುವ ತಾರೀಖೇ ಅಚ್ಚಾಗಿದೆ. ಅದರ ಶುರುವಿನಲ್ಲಿರುವ ಬುದ್ಧನ ಚಿತ್ರವನ್ನು ನೋಡಿದರೆ, ಆ ಹೊತ್ತಿಗಾಗಲೇ ಕೆತ್ತುವವರ ಕೈ ಎಷ್ಟು ಪಳಗಿತ್ತು ಅಂತ ಗೊತ್ತಾಗುತ್ತದೆ. ಯುರೋಪಿನಲ್ಲಿ 1498ರ ಹೊತ್ತಿಗೆ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಮರದ ಅಚ್ಚಿನಲ್ಲೇ ಮೋಡ, ಬೆಂಕಿ, ಓಡುವ ಕುದುರೆಗಳನ್ನೆಲ್ಲ ತಂದುಬಿಟ್ಟಿದ್ದ.

ಎರಡನೆಯದು ತದ್ವಿರುದ್ಧ. ಇಂಕು ತಗ್ಗಿನೊಳಗೆ ಕೂರುತ್ತದೆ. ತಾಮ್ರದ ತಗಡಿನ ಮೇಲೆ ಚೂಪಾದ ಉಪಕರಣದಿಂದ ಗೀರುವುದು, ಇಲ್ಲವೇ ಆಸಿಡ್‌ನಿಂದ ಗೆರೆ ತಿನ್ನಿಸುವುದು. ಇಂಕು ತುಂಬಿಸಿ ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದವನ್ನು ಯಂತ್ರದಲ್ಲಿ ಬಲವಾಗಿ ಒತ್ತಿದರೆ ತಗ್ಗಿನ ಇಂಕು ಮೇಲೆ ಬರುತ್ತದೆ. ಎಚಿಂಗ್ ಎಂದು ಕರೆಯುವುದು ಈ ಆಸಿಡ್ ವಿಧಾನವನ್ನೇ. ಮೂರನೆಯದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದನ್ನೇ ಬಳಸಿಕೊಂಡು ಅಲೋಯ್ಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಬವೇರಿಯಾದಲ್ಲಿ ಸುಣ್ಣದ ಕಲ್ಲಿನ ಮೇಲೆ ಲಿಥೋಗ್ರಫಿ ಕಂಡುಹಿಡಿದ. ನಾಲ್ಕನೆಯದು ಸ್ಕ್ರೀನ್ ಪ್ರಿಂಟ್. ಅಲ್ಲಿ ಇಂಕು ಜಾಲರಿಯ ಮೂಲಕ ಕೆಳಗಿಳಿಯುತ್ತದೆ, ಚಿತ್ರ ಕನ್ನಡಿಯಂತೆ ತಿರುಗುವುದೂ ಇಲ್ಲ.

ಮನೆಯಲ್ಲಿ ಶುರು ಮಾಡುವವರಿಗೆ ಮೊದಲ ಗುಂಪೇ ಸರಿ. ಯಂತ್ರ ಬೇಡ, ಆಸಿಡ್ ಬೇಡ, ಕಲ್ಲು ಹೊರಬೇಕಿಲ್ಲ. ಅದರಲ್ಲೂ ಲಿನೋ. ಮರಕ್ಕೆ ಎಳೆ ಇರುತ್ತದೆ. ಎಳೆಯ ಜೊತೆ ಕೆತ್ತಿದರೆ ಉಳಿ ಸರಾಗ ಹೋಗುತ್ತದೆ, ಅಡ್ಡ ಕೆತ್ತಿದರೆ ಸೀಳುತ್ತದೆ. ಲಿನೋಗೆ ಎಳೆಯೇ ಇಲ್ಲ. ಯಾವ ಕಡೆ ತಿರುಗಿಸಿದರೂ ಒಂದೇ ಥರ ಕೊಯ್ಯುತ್ತದೆ. ಹುಟ್ಟಿನಲ್ಲಿ ಇದು ಕಲೆಯ ವಸ್ತುವೇ ಅಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಕ್ಕೆ ಹಾಸಲೆಂದು ತಯಾರಿಸಿದ ಹಾಸು. ಗಟ್ಟಿಯಾದ ಅಗಸೆ ಎಣ್ಣೆ, ಬೆಂಡಿನ ಪುಡಿ, ಹಿಂದೆ ಒರಟು ಬಟ್ಟೆ. ಮುಂದೆ ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಮಕ್ಕಳ ಕಲಾ ತರಗತಿಗೆ ಇದನ್ನು ತಂದರು. ಅಗ್ಗದ, ಮಕ್ಕಳಾಟದ ವಸ್ತು ಅಂತ ಎಷ್ಟೋ ಕಲಾವಿದರು ಮೂಗು ಮುರಿದದ್ದೂ ಉಂಟು. ಪಿಕಾಸೊ ಲಿನೋ ಹಿಡಿದ ಮೇಲೆ ಆ ಮಾತು ಅಷ್ಟಾಗಿ ಕೇಳಲಿಲ್ಲ.

ಚಿತ್ರ ಸಿದ್ಧ ಮಾಡುವುದು

ಮೊದಲ ಬ್ಲಾಕ್, ಅಂದರೆ ಕೆತ್ತುವ ಲಿನೋ ತುಂಡು, ಚಿಕ್ಕದಿರಲಿ. 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಸಾಕು. ದೊಡ್ಡದು ತೆಗೆದುಕೊಂಡರೆ ಕೆತ್ತುವಷ್ಟರಲ್ಲೇ ಸುಸ್ತಾಗಿ, ಅಚ್ಚು ಹಾಕುವ ಹೊತ್ತಿಗೆ ಉತ್ಸಾಹ ಉಳಿದಿರುವುದಿಲ್ಲ. ಮುಖಚಿತ್ರವೂ ಬೇಡ. ಕಣ್ಣಿನ ಹತ್ತಿರ ಒಂದು ಗೆರೆ ತಪ್ಪಿದರೆ ಆಸಾಮಿಯೇ ಬದಲಾಗಿಬಿಡುತ್ತಾನೆ. ಒಂದು ಕಾಗೆಯನ್ನು ತೆಗೆದುಕೊಳ್ಳೋಣ. ಮೈಯೆಲ್ಲ ಕಪ್ಪು, ಆಕಾರ ಗಟ್ಟಿ, ರೆಕ್ಕೆಯಲ್ಲಿ ಗೆರೆಗಳಿಗೆ ಬೇಕಾದಷ್ಟು ಜಾಗ. ಲಿನೋಗೆಂದೇ ಹುಟ್ಟಿದ ಹಕ್ಕಿ.

ಲಿನೋದಲ್ಲಿ ಇರುವುದು ಎರಡೇ, ಕಪ್ಪು ಮತ್ತು ಬಿಳಿ. ನಡುವಿನ ಬೂದು ಬಣ್ಣ ಬೇಕೆಂದರೆ ಸಣ್ಣ ಗೆರೆಗಳನ್ನೋ ಚುಕ್ಕೆಗಳನ್ನೋ ಒತ್ತೊತ್ತಾಗಿ ಕೆತ್ತಿ ಕಣ್ಣಿಗೆ ಹಾಗೆ ಕಾಣಿಸಬೇಕು. ಅದಕ್ಕೇ ಪೆನ್ಸಿಲ್ಲಿನಲ್ಲಿ ಶೇಡ್ ಮಾಡಿದ ಚಿತ್ರವನ್ನು ಹಾಗೇ ಲಿನೋಗೆ ಇಳಿಸಬೇಡಿ. ದಪ್ಪ ಕಪ್ಪು ಮಾರ್ಕರ್ ಹಿಡಿದು ಅದನ್ನೇ ಇನ್ನೊಮ್ಮೆ ಬರೆಯಿರಿ. ಪ್ರತಿ ಜಾಗಕ್ಕೂ ಇದು ಕಪ್ಪೋ ಬಿಳಿಯೋ ಅಂತ ತೀರ್ಮಾನ ಮಾಡಲೇಬೇಕಾಗುತ್ತದೆ. ಕಾಗದದ ಮೇಲೆ ತೀರ್ಮಾನವಾಗದ್ದು ಉಳಿ ಹಿಡಿದ ಮೇಲೆ ಆಗುವುದಿಲ್ಲ.

ಇಲ್ಲಿ ಎರಡು ದಾರಿಗಳಿವೆ. ಒಂದು, ಕಾಗೆಯನ್ನು ಬಿಟ್ಟು ಸುತ್ತಲಿನದೆಲ್ಲ ಕೆತ್ತಿ ತೆಗೆಯುವುದು. ಬಿಳಿ ಕಾಗದದ ಮೇಲೆ ಕಪ್ಪು ಕಾಗೆ ಬರುತ್ತದೆ, ಆದರೆ ಕೆತ್ತನೆ ಕೆಲಸ ಜಾಸ್ತಿ. ಇನ್ನೊಂದು, ಹಿನ್ನೆಲೆಯನ್ನೂ ಕಪ್ಪಾಗಿಯೇ ಬಿಟ್ಟು ಕಾಗೆಯ ಅಂಚು, ಗರಿ, ಕಣ್ಣನ್ನು ಮಾತ್ರ ಬಿಳಿ ಗೆರೆಗಳಾಗಿ ಕೆತ್ತುವುದು. ನಂದಲಾಲ್ ಬೋಸ್ ಅವರು 1930ರಲ್ಲಿ, ದಂಡಿ ಯಾತ್ರೆಯ ಹೊತ್ತಿನಲ್ಲಿ ಮಾಡಿದ ಗಾಂಧೀಜಿಯ ಲಿನೋಕಟ್ ನೋಡಿರಬಹುದು. ಕೋಲು ಹಿಡಿದು ಹೆಜ್ಜೆ ಹಾಕುತ್ತಿರುವ ಆಕೃತಿ. ಕಪ್ಪು ಹಿನ್ನೆಲೆ, ಕೆಲವೇ ಕೆಲವು ಬಿಳಿ ಗೆರೆಗಳು. ತೆಗೆದದ್ದು ಎಷ್ಟು ಕಡಿಮೆ, ಕಾಣುವುದು ಎಷ್ಟು! ಮೊದಲ ಬ್ಲಾಕಿಗೆ ಈ ಎರಡನೇ ದಾರಿಯೇ ಒಳ್ಳೆಯದು.

ಇನ್ನು ಚಿತ್ರ ತಿರುಗುವ ವಿಷಯ. ಬ್ಲಾಕಿನಲ್ಲಿ ಎಡಕ್ಕೆ ಮುಖ ಮಾಡಿದ ಕಾಗೆ ಅಚ್ಚಿನಲ್ಲಿ ಬಲಕ್ಕೆ ನೋಡುತ್ತದೆ. ಕಾಗೆಗಾದರೆ ಪರವಾಗಿಲ್ಲ, ಅಕ್ಷರ ಬರೆದಿದ್ದರೆ ಕಷ್ಟ. ಸುಲಭದ ಉಪಾಯ ಇದೆ. ಟ್ರೇಸಿಂಗ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್ಲಿನಿಂದ ಚಿತ್ರ ಬರೆಯಿರಿ. ಪೆನ್ಸಿಲ್ ಇರುವ ಮುಖವನ್ನು ಲಿನೋ ಮೇಲೆ ಕೌಚಿ ಹಾಕಿ ಹಿಂದಿನಿಂದ ಉಜ್ಜಿ. ಚಿತ್ರ ತಿರುವುಮುರುವಾಗಿ ಲಿನೋ ಮೇಲೆ ಇಳಿಯುತ್ತದೆ, ಅಚ್ಚು ಹಾಕುವಾಗ ಮತ್ತೆ ನೆಟ್ಟಗಾಗುತ್ತದೆ. ಕಾರ್ಬನ್ ಪೇಪರ್ ಇಟ್ಟು ತಿದ್ದುವವರು ಮಾತ್ರ ಮೊದಲೇ ಟ್ರೇಸಿಂಗ್ ಪೇಪರನ್ನು ಮಗುಚಿ ಹಾಕಿಕೊಳ್ಳಬೇಕು.

ಇಳಿಸಿದ ಪೆನ್ಸಿಲ್ ಗೆರೆ ಕೈ ತಾಗಿದರೆ ಅಳಿಸುತ್ತದೆ. ಅದರ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಒಮ್ಮೆ ತಿದ್ದಿಬಿಡಿ. ಅದಕ್ಕೂ ಮೊದಲು, ಚಿತ್ರ ಇಳಿಸುವ ಮುಂಚೆಯೇ, ಲಿನೋಗೆ ತೆಳ್ಳಗೆ ಒಂದು ಕೈ ಬಣ್ಣ ಬಳಿದು ಒಣಗಿಸಿಟ್ಟುಕೊಂಡರೆ ಕೆತ್ತಿದ ಜಾಗ ಎದ್ದು ಕಾಣುತ್ತದೆ. ಅಚ್ಚು ಹೇಗೆ ಬರಬಹುದು ಅಂತ ಕೆತ್ತುತ್ತಲೇ ನೋಡಬಹುದು. ಕಣ್ಣಿಗೂ ಆಯಾಸವಿಲ್ಲ.

ಲಿನೋ, ಉಳಿ, ತಡೆಹಲಗೆ

ಕಲಾ ಸಾಮಗ್ರಿಗಳ ಅಂಗಡಿಗಳಲ್ಲಿ ಸಿಗುವ ಲಿನೋ ಸುಮಾರು 3 ಮಿ.ಮೀ. ದಪ್ಪ ಇರುತ್ತದೆ. ಮಡಚಿ ನೋಡಬೇಡಿ, ಬಿರುಕು ಬಿಡುತ್ತದೆ. ಹಳೆಯದಾದಷ್ಟೂ ಗಟ್ಟಿ. ಗಟ್ಟಿಯಾಗಿದ್ದರೆ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಡಿ, ಇಲ್ಲವೇ ಹೇರ್ ಡ್ರೈಯರ್ ಹಿಡಿಯಿರಿ. ಬೆಚ್ಚಗಾದ ಲಿನೋ ಉಳಿಗೆ ಮೆತ್ತಗೆ ಸಿಗುತ್ತದೆ. ರಬ್ಬರಿನಂಥ ಮೆದು ಹಾಳೆಗಳೂ ಬರುತ್ತವೆ. ಕೆತ್ತಲು ಬಲು ಸುಲಭ. ಆದರೆ ಒತ್ತಿದಾಗ ಅದೂ ಜೊತೆಗೆ ಬಳುಕುವುದರಿಂದ ಸಣ್ಣ ಗೆರೆಗಳು ಚೂಪಾಗಿ ಬರುವುದಿಲ್ಲ. ಮಕ್ಕಳ ಜೊತೆ ಕೂತು ಮಾಡುವುದಾದರೆ ಅದು ಸರಿ. ನೀವೇ ಕಲಿಯಬೇಕೆಂದಿದ್ದರೆ ಲಿನೋನೇ ತಗೊಳ್ಳಿ.

ಉಳಿಗಳ ದೊಡ್ಡ ಸೆಟ್ ಬೇಡ. ವಿ ಆಕಾರದ ಸಣ್ಣದೊಂದು, ಯು ಆಕಾರದ ಸಣ್ಣದೊಂದು, ಯು ಆಕಾರದ ಅಗಲವಾದದ್ದೊಂದು. ಮೂರರಲ್ಲಿ ಬಹುತೇಕ ಎಲ್ಲ ಕೆಲಸವೂ ಆಗುತ್ತದೆ. ಹನ್ನೆರಡು ಮೊಂಡ ಉಳಿಗಿಂತ ಮೂರು ಹರಿತವಾದ ಉಳಿ ಮೇಲು. ಮೊಂಡ ಉಳಿ ಅಪಾಯವೂ ಹೌದು. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು. ಚರ್ಮದ ತುಂಡಿಗೆ ಮೆರುಗು ಕೊಡುವ ಪೇಸ್ಟ್ ಹಚ್ಚಿಟ್ಟುಕೊಂಡು ಆಗಾಗ ನಾಲ್ಕೈದು ಸಲ ಹಿಂದಕ್ಕೆಳೆದರೆ ಹರಿತ ಉಳಿಯುತ್ತದೆ.

ತಡೆಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಂದು ಮರದ ಹಲಗೆ. ನಿಮ್ಮ ಕಡೆಯ ಅಂಚಿಗೆ ಕೆಳಗಿನಿಂದ ಒಂದು ಪಟ್ಟಿ, ಅದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳಲಿ. ಆಚೆ ಕಡೆಯ ಅಂಚಿಗೆ ಮೇಲಿನಿಂದ ಇನ್ನೊಂದು ಪಟ್ಟಿ, ಅದಕ್ಕೆ ಬ್ಲಾಕ್ ಒರಗಿಕೊಳ್ಳಲಿ. ಇಷ್ಟಿದ್ದರೆ ಬ್ಲಾಕ್ ಅಲ್ಲಾಡುವುದಿಲ್ಲ. ಎಡಗೈಯನ್ನು ಉಳಿಯ ಮುಂದೆ ಇಡಬೇಕಾದ ಪ್ರಮೇಯವೂ ಬರುವುದಿಲ್ಲ.

ಕೆತ್ತುವಾಗ

ಒಂದೇ ಕಾನೂನು: ಉಳಿಯ ದಾರಿಯಲ್ಲಿ ಯಾವ ಕೈಯೂ ಇರಬಾರದು. ಎರಡೂ ಕೈ ಯಾವಾಗಲೂ ಅಲಗಿನ ಹಿಂದೆ. ಉಳಿದದ್ದೆಲ್ಲ ಕೆತ್ತುತ್ತಾ ಕೆತ್ತುತ್ತಾ ತಾನಾಗಿ ಬರುತ್ತದೆ.

ಉಳಿಯ ಹಿಡಿ ಅಂಗೈಗೆ ಒತ್ತಿರಲಿ, ತೋರುಬೆರಳು ಅಲಗಿನ ಮೇಲ್ಭಾಗದಲ್ಲಿ ಚಾಚಿರಲಿ. ಉಳಿ ಆದಷ್ಟು ಮಲಗಿರಬೇಕು. ನೆಟ್ಟಗೆ ಹಿಡಿದರೆ ಆಳಕ್ಕೆ ಕಚ್ಚಿಕೊಂಡು ನಿಂತುಬಿಡುತ್ತದೆ. ಕಾಗೆಯ ಬೆನ್ನಿನಂಥ ಬಾಗಿದ ಗೆರೆ ಬಂದಾಗ ಉಳಿಯನ್ನು ತಿರುಗಿಸಬೇಡಿ, ಬ್ಲಾಕನ್ನು ತಿರುಗಿಸಿ. ಬಲಗೈ ಇದ್ದಲ್ಲೇ ಇದ್ದು ಮುಂದಕ್ಕೆ ತಳ್ಳುತ್ತಿರಲಿ, ಎಡಗೈ ಬ್ಲಾಕನ್ನು ನಿಧಾನಕ್ಕೆ ತಿರುಗಿಸುತ್ತಿರಲಿ. ಮೊದಮೊದಲು ವಿಚಿತ್ರ ಅನಿಸುತ್ತದೆ. ಒಮ್ಮೆ ಕೈಗೆ ಕೂತರೆ ಗೆರೆ ಬೆಣ್ಣೆ ಕೊಯ್ದ ಹಾಗೆ ಬರುತ್ತದೆ.

ಅಂಚಿನ ಗೆರೆ ಮೊದಲು ವಿ ಉಳಿಯಿಂದ. ಆಮೇಲೆ ಗರಿಗಳು. ದೊಡ್ಡ ಜಾಗ ಖಾಲಿ ಮಾಡುವುದಿದ್ದರೆ ಕೊನೆಗೆ ಅಗಲವಾದ ಯು ಉಳಿಯಿಂದ. ಆಳ ಎಷ್ಟಿರಬೇಕು? ಸಣ್ಣ ಗೆರೆಗೆ ಒಂದು ಮಿ.ಮೀ.ಗಿಂತ ಕಡಿಮೆ ಸಾಕು. ಅಗಲವಾದ ಜಾಗವನ್ನು ಹೆಚ್ಚು ಆಳ ಮಾಡಬೇಕು, ಇಲ್ಲದಿದ್ದರೆ ಇಂಕು ಹಚ್ಚುವ ರಬ್ಬರ್ ರೋಲರ್ ಅಲ್ಲಿಗೂ ಇಳಿದು ಇಂಕು ತಗಲಿಸುತ್ತದೆ. ಹಿಂದಿನ ಬಟ್ಟೆ ಕಾಣುವಷ್ಟು ಮಾತ್ರ ಬೇಡ. ಉಳಿಸಿಕೊಳ್ಳಬೇಕಾದ ಗೆರೆಯ ಪಕ್ಕದ ಗೋಡೆ ಹೊರಕ್ಕೆ ಇಳಿಜಾರಾಗಿರಬೇಕು. ಒಳಕ್ಕೆ ಕೊರೆದಿದ್ದರೆ ಮೇಲಿನ ಗೆರೆಗೆ ಕೆಳಗೆ ಆಧಾರವಿಲ್ಲದೆ ನಾಲ್ಕು ಅಚ್ಚಾಗುವಷ್ಟರಲ್ಲಿ ಮುರಿಯುತ್ತದೆ.

ಖಾಲಿ ಮಾಡಿದ ಜಾಗದಲ್ಲಿ ಉಳಿ ಓಡಿದ ಸಾಲುಗಳ ನಡುವೆ ಸಣ್ಣ ಸಣ್ಣ ಏಣುಗಳು ಉಳಿದಿರುತ್ತವೆ. ಅವೂ ಅಚ್ಚಾಗುತ್ತವೆ. ಕೆಲವರು ಒಂದನ್ನೂ ಬಿಡದೆ ಸವರಿ ತೆಗೆಯುತ್ತಾರೆ. ನನಗೆ ಕೆಲವು ಇದ್ದರೇ ಚೆಂದ, ಉಳಿ ಯಾವ ಕಡೆ ಓಡಿತು ಅಂತ ಕಾಣುತ್ತದೆ. ಆದರೆ ಅವು ಕಾಗೆಯ ಸುತ್ತ ಒಂದೇ ದಿಕ್ಕಿನಲ್ಲಿ ಹರಿಯುವಂತೆ ಮೊದಲೇ ಕೆತ್ತಿರಬೇಕು. ಎತ್ತಲೋ ಕೆದಕಿದ ಏಣುಗಳು ಬರೀ ಕೊಳೆಯಂತೆ ಕಾಣುತ್ತವೆ.

ಇಂಕು ಹಚ್ಚುವ ಮೊದಲೇ ಅಚ್ಚು ನೋಡಬೇಕೇ? ತೆಳು ಕಾಗದ ಇಟ್ಟು ಮೇಲೆ ಮೇಣದ ಬಳಪವನ್ನು ಅಡ್ಡ ಹಿಡಿದು ಉಜ್ಜಿ. ಉಬ್ಬು ಜಾಗವೆಲ್ಲ ಮೂಡುತ್ತದೆ. ಇನ್ನೆಲ್ಲಿ ಕೆತ್ತಬೇಕು ಅಂತ ಅಲ್ಲೇ ತಿಳಿಯುತ್ತದೆ. ಕೆತ್ತುವುದು ಯಾವಾಗ ಬೇಕಾದರೂ ಆಗುತ್ತದೆ, ಕೆತ್ತಿದ್ದನ್ನು ವಾಪಸ್ ಅಂಟಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಅನುಮಾನವಿರುವ ಜಾಗವನ್ನು ಬಿಟ್ಟು ಮೊದಲ ಅಚ್ಚು ತೆಗೆಯಿರಿ.

ಇಂಕು

ಜಪಾನಿನ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ಯಾರಿಗೆ ಗೊತ್ತಿಲ್ಲ? 1831ರ ಸುಮಾರಿನ ಮರದ ಅಚ್ಚು ಅದು. ಚಿತ್ರ ಬರೆದದ್ದು ಹೊಕುಸಾಯಿ, ಮರ ಕೆತ್ತಿದ್ದು ಬೇರೆಯವರು, ಅಚ್ಚು ಹಾಕಿದ್ದು ಮತ್ತೆ ಬೇರೆಯವರು, ಎಲ್ಲಕ್ಕೂ ದುಡ್ಡು ಹಾಕಿದ್ದು ಪ್ರಕಾಶಕ. ಅದರ ಆಕಾಶದಲ್ಲಿ ಗಾಢ ಬಣ್ಣ ನಿಧಾನಕ್ಕೆ ತಿಳಿಯಾಗುತ್ತಾ ಹೋಗುತ್ತದಲ್ಲ, ಅದನ್ನು ಯಾರೂ ಕೆತ್ತಿಲ್ಲ. ಅಚ್ಚು ಹಾಕುವವನು ಪ್ರತಿ ಹಾಳೆಗೂ ಹಲಗೆಯ ಮೇಲೆ ಬಣ್ಣವನ್ನು ಕೈಯಾರೆ ತೆಳುವಾಗಿಸಿ ತಂದದ್ದು. ಯುರೋಪಿನ ತಾಮ್ರದ ತಗಡಿನಲ್ಲೂ ಇದೇ ಕಥೆ. ಡಚ್ ಕಲಾವಿದ ರೆಂಬ್ರಾಂಟ್ ಕೆಲವು ಸಲ ತಗಡನ್ನು ಪೂರ್ತಿ ಒರೆಸದೆ ಮೇಲೆ ತೆಳ್ಳನೆ ಇಂಕಿನ ಪೊರೆ ಬಿಡುತ್ತಿದ್ದ. ಒಂದೇ ತಗಡಿನಿಂದ ಒಂದು ಅಚ್ಚು ಹಗಲಿನಂತೆ, ಇನ್ನೊಂದು ಕತ್ತಲೆಯಂತೆ ಬರುತ್ತಿತ್ತು. ಇಂಕು ಹಚ್ಚುವವರ ಕೈಯಲ್ಲಿ ಚಿತ್ರದ ಅರ್ಧ ಭಾಗ ಇರುತ್ತದೆ ಎಂದದ್ದು ಇದಕ್ಕೇ.

ನೀರಿನ ಇಂಕು ಬೇಗ ಒಣಗುತ್ತದೆ, ತೊಳೆಯಲು ಸುಲಭ. ಆದರೆ ಬಿಸಿ ಹವೆಯಲ್ಲಿ ಗಾಜಿನ ಮೇಲೇ ಒಣಗಿ ಕೂರುತ್ತದೆ. ಎಣ್ಣೆ ಇಂಕಿಗೆ ಕಪ್ಪು ಗಾಢ, ಕೆಲಸ ಮಾಡಲು ಸಮಯವೂ ಸಿಗುತ್ತದೆ. ಸೋಪು ನೀರಿನಲ್ಲಿ ತೊಳೆಯಬಹುದಾದ ಎಣ್ಣೆ ಇಂಕುಗಳೂ ಬಂದಿವೆ, ಮನೆಗೆ ಅದೇ ಅನುಕೂಲ. ಅಕ್ರಿಲಿಕ್ ಬಣ್ಣ, ಪೋಸ್ಟರ್ ಬಣ್ಣ ಬೇಡ. ಕಾಗದ ಇಡುವಷ್ಟರಲ್ಲಿ ಅರ್ಧ ಒಣಗಿರುತ್ತದೆ, ಉಳಿದರ್ಧ ಗೆರೆಯೊಳಗೆ ಇಳಿದಿರುತ್ತದೆ.

ಗಾಜಿನ ತುಂಡೊಂದರ ಅಂಚಿಗೆ ಟೇಪ್ ಹಚ್ಚಿ ಮೇಜಿನ ಮೇಲಿಡಿ. ಅರ್ಧ ಚಮಚ ಇಂಕು ಹಾಕಿ, ಪುಟ್ಟಿ ಹಚ್ಚುವ ಚಪ್ಪಟೆ ಚಾಕುವಿನಿಂದ ಸ್ವಲ್ಪ ಹೊತ್ತು ತಿಕ್ಕಿ ಸಡಿಲ ಮಾಡಿ. ಡಬ್ಬಿಯಿಂದ ಬಂದಾಗ ಗಟ್ಟಿಯಿದ್ದ ಇಂಕು ತಿಕ್ಕುತ್ತಾ ಹದಕ್ಕೆ ಬರುತ್ತದೆ. ಅದನ್ನು ರೋಲರಿನಷ್ಟೇ ಅಗಲದ ಒಂದು ಪಟ್ಟಿಯಾಗಿ ಎಳೆಯಿರಿ. ಈಗ ರೋಲರ್ ಇಟ್ಟು ಮುಂದಕ್ಕೆ ಉರುಳಿಸಿ, ತುದಿಯಲ್ಲಿ ಎತ್ತಿ, ಮತ್ತೆ ಶುರುವಿನಿಂದ ಉರುಳಿಸಿ. ಎತ್ತುವುದು ಮುಖ್ಯ. ಎತ್ತದೆ ಹಿಂದೆ ಮುಂದೆ ಓಡಾಡಿಸಿದರೆ ರೋಲರಿನ ಅದೇ ಭಾಗ ಅದೇ ಜಾಗಕ್ಕೆ ತಗಲುತ್ತಿರುತ್ತದೆ, ಇಂಕು ಸಮನಾಗಿ ಹರಡುವುದಿಲ್ಲ. ಎತ್ತಿದಾಗ ರೋಲರ್ ಗಾಳಿಯಲ್ಲಿ ಸ್ವಲ್ಪ ತಿರುಗುತ್ತದೆ, ಹೊಸ ಭಾಗ ಕೆಳಗೆ ಬರುತ್ತದೆ. ನೆಟ್ಟಗೊಮ್ಮೆ, ಅಡ್ಡಕ್ಕೊಮ್ಮೆ ಉರುಳಿಸಿ.

ಈಗ ಕಿವಿ ಕೊಡಿ. ಇಂಕು ದಪ್ಪವಿದ್ದಾಗ ರೋಲರ್ ಪಚಪಚ ಅನ್ನುತ್ತದೆ. ಗಾಜಿನ ಮೇಲಿನ ಪದರವನ್ನು ನೋಡಿದರೆ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ. ಹದಕ್ಕೆ ಬಂದಾಗ ಆ ಪಚಪಚ ನಿಂತು ಸಣ್ಣಗೆ ಸರ್ರ್ ಎನ್ನುವ ಒಂದೇ ಸಮನೆ ಸದ್ದು ಬರುತ್ತದೆ. ಗುಳಿಗಳು ಹೋಗಿ ಮೇಲ್ಮೈ ನುಣ್ಣಗೆ ಮಂಕಾಗಿ ಹೊಳೆಯುತ್ತದೆ. ಸದ್ದು ಪೂರ್ತಿ ನಿಂತೇಹೋಯಿತು ಅಂದರೆ ಇಂಕು ಸಾಲದು ಅಂತ. ಈ ಸದ್ದನ್ನು ಬರೆದು ಕಲಿಸುವುದು ಕಷ್ಟ. ಆದರೆ ಬೇಕೆಂದೇ ಒಮ್ಮೆ ಇಂಕು ಜಾಸ್ತಿ ಹಾಕಿ, ಒಮ್ಮೆ ಕಡಿಮೆ ಹಾಕಿ ಉರುಳಿಸಿ ನೋಡಿ. ಮೂರು ಸದ್ದುಗಳ ವ್ಯತ್ಯಾಸ ಅಲ್ಲೇ ಸಿಗುತ್ತದೆ. ಆಮೇಲೆ ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೀರಿ.

ಬ್ಲಾಕಿಗೆ ಹಚ್ಚುವಾಗಲೂ ಒಂದೇ ಸಲ ದಪ್ಪಗೆ ಬೇಡ. ತೆಳ್ಳಗೆ ಒಂದು ಪದರ, ರೋಲರಿಗೆ ಮತ್ತೆ ಇಂಕು ತೆಗೆದುಕೊಂಡು ಇನ್ನೊಂದು ದಿಕ್ಕಿನಿಂದ ಮತ್ತೊಂದು ಪದರ, ಹೀಗೆ ನಾಲ್ಕೈದು. ರೋಲರನ್ನು ಒತ್ತಬೇಡಿ, ಅದರ ಭಾರವೇ ಸಾಕು. ಒತ್ತಿದರೆ ಕೆತ್ತಿದ ಗೆರೆಯೊಳಗೆ ಇಂಕು ಇಳಿಯುತ್ತದೆ. ಬ್ಲಾಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಇಂಕು ತಗಲದ ಜಾಗ ಮಂಕಾಗಿ, ಜಾಸ್ತಿಯಾದ ಜಾಗ ಒದ್ದೆಯಂತೆ ಮಿನುಗುತ್ತದೆ. ಎಲ್ಲ ಕಡೆ ಒಂದೇ ಹೊಳಪು ಬಂದರೆ ಕಾಗದ ಇಡಬಹುದು.

ಹೊಸ ಬ್ಲಾಕಿನ ಮೊದಲ ಒಂದೆರಡು ಅಚ್ಚು ಮಸುಕಾಗೇ ಬರುತ್ತವೆ. ಲಿನೋ ಸ್ವಲ್ಪ ಇಂಕು ಕುಡಿಯುತ್ತದೆ. ಗಾಬರಿಯಾಗಿ ಇಂಕು ಸುರಿಯಬೇಡಿ. ಮೂರನೆಯದೋ ನಾಲ್ಕನೆಯದೋ ತಾನಾಗಿ ತುಂಬಿಕೊಂಡು ಬರುತ್ತದೆ. ಆ ಮೊದಲ ಅಚ್ಚುಗಳಿಗೆ ಹಳೆ ಕಾಗದ ಸಾಕು.

ಕಾಗದ ಮತ್ತು ಒತ್ತು

ಯಂತ್ರವಿಲ್ಲದೆ ಕೈಯಿಂದ ಒತ್ತುವುದಾದರೆ ಕಾಗದ ತೆಳ್ಳಗೂ ನುಣ್ಣಗೂ ಇರಬೇಕು. ಜಪಾನಿ ರೀತಿಯ ಕೈಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದ ನಾರಿನ ಕಾಗದವಾದ್ದರಿಂದ ತೆಳುವಾದರೂ ಹರಿಯುವುದಿಲ್ಲ. ಒರಟು ಜಲವರ್ಣ ಕಾಗದದ ಮೇಲೆ ಕೈಯಿಂದ ಗಟ್ಟಿ ಕಪ್ಪು ತರುವುದು ಬಹಳ ಕಷ್ಟ. ಮೇಣ ಹಚ್ಚಿದಂತೆ ಹೊಳೆಯುವ ಕಾಗದದ ಮೇಲೆ ಇಂಕು ಜಾರುತ್ತದೆ.

ಕಾಗದವನ್ನು ಅಂದಾಜಿನಲ್ಲಿ ಇಟ್ಟರೆ ಚಿತ್ರ ಸೊಟ್ಟಗಾಗುತ್ತದೆ. ಮೇಜಿಗೆ ಒಂದು ದೊಡ್ಡ ಹಾಳೆ ಅಂಟಿಸಿ, ಅದರ ಮೇಲೆ ಬ್ಲಾಕ್ ಎಲ್ಲಿ ಕೂರಬೇಕು, ಕಾಗದದ ಮೂಲೆ ಎಲ್ಲಿಗೆ ಬರಬೇಕು ಅಂತ ಗೆರೆ ಹಾಕಿಕೊಳ್ಳಿ. ಜಪಾನಿನ ಅಚ್ಚಿನವರು ಹಲಗೆಯಲ್ಲೇ ಒಂದು ಮೂಲೆಗೆ ಮತ್ತು ಒಂದು ಅಂಚಿಗೆ ಸಣ್ಣ ಕಚ್ಚು ಕೆತ್ತಿಕೊಳ್ಳುತ್ತಿದ್ದರು. ಹತ್ತಾರು ಬಣ್ಣಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರುತ್ತಿದ್ದುದು ಅದರಿಂದಲೇ. ನೀವು ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಯಾಕಾರದಲ್ಲಿ ಅಂಟಿಸಿದರೂ ಸಾಕು.

ಕೈಗೆ ಇಂಕು ಮೆತ್ತಿರುತ್ತದೆ. ಕಾಗದ ಮುಟ್ಟುವ ಮೊದಲು ತೊಳೆದುಕೊಳ್ಳಿ, ಇಲ್ಲವೇ ಮಡಚಿದ ರಟ್ಟಿನ ಚೂರುಗಳಿಂದ ಕಾಗದದ ಅಂಚು ಹಿಡಿಯಿರಿ. ಕಾಗದ ಬ್ಲಾಕಿಗೆ ತಗಲಿದ ಮೇಲೆ ಜರುಗಿಸುವಂತಿಲ್ಲ. ಮೊದಲು ಅಂಗೈಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒತ್ತಿ ಅಂಟಿಸಿ. ಮೇಲೆ ಬೆಣ್ಣೆಕಾಗದ ಹಾಕಿ. ಆಮೇಲೆ ಮರದ ಚಮಚದ ಬೆನ್ನಿನಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಆತುರ ಬೇಡ, ಇಷ್ಟು ಚಿಕ್ಕ ಬ್ಲಾಕಿಗೂ ಐದಾರು ನಿಮಿಷ ಬೇಕು. ಅಂಚು, ಮೂಲೆಗಳು ಯಾವಾಗಲೂ ತಪ್ಪಿಹೋಗುತ್ತವೆ, ಅಲ್ಲಿ ಎರಡನೇ ಸಲ ಹೋಗಿ. ದೊಡ್ಡ ಖಾಲಿ ಜಾಗದ ಮೇಲೆ ಮಾತ್ರ ಒತ್ತಬೇಡಿ, ಕಾಗದ ತಗ್ಗಿಗಿಳಿದು ಕೊಳೆಯಾಗುತ್ತದೆ.

ತೆಳು ಕಾಗದವಾದರೆ ಹಿಂದಿನಿಂದಲೇ ಚಿತ್ರ ಕಪ್ಪಾಗುತ್ತಾ ಬರುವುದು ಕಾಣುತ್ತದೆ. ಕಾಗೆಯ ಕೊಕ್ಕು, ಕಾಲು, ಒಂದೊಂದೇ ಗರಿ ಮೂಡುತ್ತವೆ. ಸಾಕೋ ಬೇಕೋ ಎಂಬ ಅನುಮಾನ ಬಂದರೆ ಒಂದು ಕೈಯಿಂದ ಕಾಗದವನ್ನು ಬಿಗಿಯಾಗಿ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಒಂದು ಮೂಲೆ ಮಾತ್ರ ಎತ್ತಿ ನೋಡಿ. ಕಪ್ಪು ಸಾಲದಿದ್ದರೆ ಮತ್ತೆ ಮಲಗಿಸಿ ಉಜ್ಜಿ. ಪೂರ್ತಿ ಎತ್ತಿದ ಮೇಲೆ ವಾಪಸ್ ಇಡುವ ಆಟ ನಡೆಯುವುದಿಲ್ಲ.

ಅಚ್ಚು ಏನು ಹೇಳುತ್ತಿದೆ ಅಂತ ಓದುವುದನ್ನೂ ಕಲಿಯಬೇಕು. ಕಪ್ಪಿನಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದರೆ ಒಂದೋ ಇಂಕು ಸಾಲದು, ಇಲ್ಲವೇ ಒತ್ತು ಸಾಲದು. ಯಾವುದು ಅಂತ ತಿಳಿಯಲು ಮತ್ತೆ ಅಷ್ಟೇ ಇಂಕು ಹಚ್ಚಿ ಇನ್ನೊಂದು ಹಾಳೆ ಇಟ್ಟು ಎರಡು ಪಟ್ಟು ಹೊತ್ತು ಉಜ್ಜಿ. ಚುಕ್ಕೆ ಹೋದರೆ ಒತ್ತಿನ ಕೊರತೆ, ಹೋಗದಿದ್ದರೆ ಇಂಕಿನದು. ಸಣ್ಣ ಗೆರೆಗಳು ಮುಚ್ಚಿಕೊಂಡಿದ್ದರೆ ಇಂಕು ಜಾಸ್ತಿ. ಬ್ಲಾಕ್ ಒರೆಸಲು ಹೋಗಬೇಡಿ. ಇಂಕು ಹಚ್ಚದೆ ಎರಡು ಮೂರು ಹಳೆ ಕಾಗದ ಒತ್ತಿ ತೆಗೆಯಿರಿ, ಗೆರೆಗಳು ಬಿಚ್ಚಿಕೊಳ್ಳುತ್ತವೆ. ಗೆರೆ ಎರಡೆರಡಾಗಿ ಬಂದಿದ್ದರೆ ಕಾಗದ ಜರುಗಿದೆ. ಒಂದು ಮೂಲೆ ಮಾತ್ರ ಪ್ರತಿ ಸಲವೂ ಮಸುಕಾದರೆ ಲಿನೋ ಬಾಗಿರಬೇಕು, ಅದನ್ನು ಸಮತಟ್ಟಾದ ಹಲಗೆಗೆ ಅಂಟಿಸಿಬಿಡಿ.

ಒಣಗಿಸುವುದು, ನಂಬರ್ ಹಾಕುವುದು

ಕ್ಲಿಪ್ಪು ಸಿಕ್ಕಿಸಿ ಹಗ್ಗಕ್ಕೆ ನೇತುಹಾಕಿ. ಎಣ್ಣೆ ಇಂಕು ಒಣಗಲು ಕೆಲವು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಷ್ಟರೊಳಗೆ ಒಂದರ ಮೇಲೊಂದು ಪೇರಿಸಬೇಡಿ.

ಒಣಗಿದ ಮೇಲೆ ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯುವುದು ರೂಢಿ. ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. 4/20 ಎಂದರೆ ಒಟ್ಟು ಇಪ್ಪತ್ತು ಅಚ್ಚುಗಳಲ್ಲಿ ಇದು ನಾಲ್ಕನೆಯದು. ಕಲಾವಿದರು ತಮಗೆಂದು ಇಟ್ಟುಕೊಳ್ಳುವ ಕೆಲವಕ್ಕೆ ಎ/ಪಿ (ಆರ್ಟಿಸ್ಟ್ಸ್ ಪ್ರೂಫ್) ಎಂದು ಬರೆಯುತ್ತಾರೆ. ಇಪ್ಪತ್ತು ಎಂದು ಬರೆದ ಮೇಲೆ ಇಪ್ಪತ್ತೊಂದನೆಯದನ್ನು ತೆಗೆಯುವಂತಿಲ್ಲ. ಮಾರುವ ಯೋಚನೆ ಇಲ್ಲದಿದ್ದರೂ ಈ ಶಿಸ್ತು ಇರಲಿ. ಒಂದೇ ಥರ ಇಪ್ಪತ್ತು ತೆಗೆಯಲು ಹೊರಟಾಗಲೇ ಇಂಕಿನ ಹದ ಕೈಗೆ ಹತ್ತುವುದು.

ಇನ್ನೊಂದು ಬಣ್ಣ ಬೇಕೆಂದರೆ

ಪ್ರತಿ ಬಣ್ಣಕ್ಕೂ ಬೇರೆ ಬ್ಲಾಕ್ ಮಾಡಬಹುದು. ಇನ್ನೊಂದು ದಾರಿ ಒಂದೇ ಬ್ಲಾಕನ್ನು ಮತ್ತೆ ಮತ್ತೆ ಕೆತ್ತುತ್ತಾ ಹೋಗುವುದು. ಪಿಕಾಸೊ 1950ರ ದಶಕದ ಕೊನೆಯಲ್ಲಿ ದಕ್ಷಿಣ ಫ್ರಾನ್ಸಿನ ವಲ್ಲೋರಿಸ್‌ನಲ್ಲಿ ಇದನ್ನು ಹಟ ಹಿಡಿದು ಮಾಡಿದ, ಅವನಿಂದಲೇ ಈ ವಿಧಾನ ಎಲ್ಲೆಡೆ ಹೆಸರಾಯಿತು. ನಮ್ಮ ಕಾಗೆಯನ್ನೇ ಹೀಗೆ ಮಾಡುವುದಾದರೆ, ಮೊದಲು ಬಿಳಿಯಾಗಿಯೇ ಉಳಿಯಬೇಕಾದ್ದನ್ನು, ಅಂದರೆ ಕಣ್ಣಿನ ಮಿಂಚು ಮತ್ತು ಒಂದೆರಡು ಗರಿಯ ಅಂಚನ್ನು ಮಾತ್ರ ಕೆತ್ತಿ ಎಲ್ಲ ಹಾಳೆಗಳಿಗೂ ತಿಳಿ ಬೂದು ಅಚ್ಚು ಹಾಕಿ. ಒಣಗಿದ ಮೇಲೆ ತಿಳಿ ಬೂದು ಎಲ್ಲೆಲ್ಲಿ ಉಳಿಯಬೇಕೋ ಅಲ್ಲಿ ಕೆತ್ತಿ, ಅದೇ ಹಾಳೆಗಳ ಮೇಲೆ ಗಾಢ ನೀಲಿ. ಮತ್ತೆ ನೀಲಿ ಉಳಿಯಬೇಕಾದಲ್ಲಿ ಕೆತ್ತಿ, ಕೊನೆಗೆ ಕಪ್ಪು. ಯಾವಾಗಲೂ ತಿಳಿಯಿಂದ ಗಾಢಕ್ಕೆ.

ಇಲ್ಲಿ ಹಿಂದಿರುಗುವ ದಾರಿ ಇಲ್ಲ. ನೀಲಿಗೆಂದು ಕೆತ್ತಿದ ಮೇಲೆ ತಿಳಿ ಬೂದು ಬ್ಲಾಕ್ ಇನ್ನಿಲ್ಲ. ಅದಕ್ಕೆ ಶುರುವಿನಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಹಾಳೆ ಹಾಕಿಕೊಳ್ಳಿ. ಪ್ರತಿ ಬಣ್ಣದಲ್ಲೂ ಒಂದೆರಡು ಕೆಡುತ್ತವೆ. 12 ಬೇಕಿದ್ದರೆ 18ರಿಂದ ಶುರು ಮಾಡಿ. ಪದರದ ಮೇಲೆ ಪದರ ಕೂರುವುದರಿಂದ ಮೊದಲ ಬಣ್ಣ ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು. ದಪ್ಪಗೆ ಹಚ್ಚಿ ಹೊಳಪು ಬಂದಿದ್ದರೆ ಅದರ ಮೇಲೆ ಮುಂದಿನ ಇಂಕು ಸರಿಯಾಗಿ ಹಿಡಿಯುವುದೇ ಇಲ್ಲ.

ಕೆಲಸ ಮುಗಿದ ಮೇಲೆ

ಎಣ್ಣೆ ಇಂಕು ತೆಗೆಯಲು ಟರ್ಪಂಟೈನ್ ವಾಸನೆ ಕುಡಿಯಬೇಕಾಗಿಲ್ಲ. ಗಾಜಿನ ಮೇಲಿನ ಇಂಕನ್ನು ಚಾಕುವಿನಿಂದ ಕೆರೆದು ತೆಗೆದು, ಸ್ವಲ್ಪ ಅಡುಗೆ ಎಣ್ಣೆ ಹಾಕಿ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ನೀರು. ರೋಲರಿಗೂ ಹಾಗೇ. ರೋಲರನ್ನು ರಬ್ಬರ್ ಕೆಳಗಾಗಿ ಇಡಬೇಡಿ, ಭಾರಕ್ಕೆ ಚಪ್ಪಟೆಯಾಗುತ್ತದೆ. ಬೆನ್ನ ಮೇಲೆ ಮಲಗಿಸಿ ಅಥವಾ ನೇತುಹಾಕಿ.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯುವುದು ಮಾತ್ರ ಖಂಡಿತ ಬೇಡ. ಇಂಕಿನಲ್ಲಿರುವ ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಆಮೇಲೆ ಎಸೆಯಿರಿ.

ಬ್ಲಾಕನ್ನು ಒರೆಸಿ, ಬಿಸಿಲು ತಾಗದ ಕಡೆ ಸಮತಟ್ಟಾಗಿ ಇಡಿ. ಮತ್ತೆ ಅಚ್ಚು ಹಾಕುವ ಯೋಚನೆಯಿದ್ದರೆ ಅದರ ಹಿಂದಿನ ಬಟ್ಟೆಯ ಮೇಲೆ ಯಾವ ಇಂಕು, ಯಾವ ಕಾಗದ, ಎಷ್ಟು ಹೊತ್ತು ಉಜ್ಜಿದಿರಿ ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಮುಂದಿನ ಸಲ ಮೊದಲ ಹಾಳೆಯಿಂದಲೇ ಹದ ಹುಡುಕುತ್ತಾ ಕೂರುವುದು ತಪ್ಪುತ್ತದೆ.